ಕಾಲುವೆ ಗೇಟಿನ ಇಪ್ಪತ್ತೆರಡು ನಿಮಿಷ

“ಮುಟ್ಟಬ್ಯಾಡ್ರಿ ಸಾಹೇಬ್ರ. ಮೊದಲು ತಪ್ಪು ಎಷ್ಟೈತಿ ಅಂತ ಬರ್ಕೊಳ್ರಿ. ತಿದ್ದಿದ ಮ್ಯಾಲ ತಪ್ಪಿತ್ತು ಅನ್ನೋದಕ್ಕ ಸಾಕ್ಷಿ ಉಳಿಯಂಗಿಲ್ಲ.”

ದೀಪಾ ತನ್ನ ಫೋನನ್ನು ಕಂಪ್ಯೂಟರ್ ಪರದೆಗೆ ಆನಿಸಿ ನಿಲ್ಲಿಸಿದಳು. ಫೋನಿನಲ್ಲಿ 2:10. ಪರದೆಯಲ್ಲಿ 1:48. ಪಿಎಸ್‌ಐ ಜಾವೀದ್ ಎರಡೂ ಒಟ್ಟಿಗೆ ಕಾಣುವಂತೆ ಫೋಟೊ ತೆಗೆದ. ಪಂಚನಾಮೆಯ ಹಾಳೆಯಲ್ಲಿ ಅಂಕಿಗಳನ್ನು ಬರೆದು, ಬರೆದದ್ದನ್ನು ಮತ್ತೊಮ್ಮೆ ಓದಿಕೊಂಡ.

“ಇಪ್ಪತ್ತೆರಡು ನಿಮಿಷ ಹಿಂದೈತಿ,” ಎಂದ.

“ಮಂಗಳವಾರನೂ ಇಷ್ಟೇ ಹಿಂದಿತ್ತು ಅಂತ ತೋರಿಸಿದ್ರ ದುರುಗೇಶ ಮನಿಗೆ ಬರ್ತಾನ.”

ಮಂಗಳವಾರ ಸಿಂಧನೂರು–ಮಸ್ಕಿ ರಸ್ತೆಯ ಪಕ್ಕದ ಉಪಕಾಲುವೆ ಗೇಟನ್ನು ಯಾರೋ ಸೈರನ್ ಊದದೆ ತೆರೆದಿದ್ದರು. ಕೆಳಗೆ ಕ್ಯಾಂಪ್ ಎಂದು ಕರೆಯುವ ಕಾಲುವೆ ಬದಿಯ ಊರಿನ ಮೆಟ್ಟಿಲ ಮೇಲೆ ಕೌದಿ ಒಗೆಯುತ್ತಿದ್ದ ದೀಪಾಳ ಅಜ್ಜಿ ಗದ್ದೆಮ್ಮ ಕೊಚ್ಚಿಹೋಗಿ, ಒಬ್ಬ ಪುಣ್ಯಾತ್ಮನ ಕೈಯಿಂದ ಬದುಕಿದ್ದಳು. ಗೇಟಿನ ಪೆಟ್ಟಿಗೆಯಲ್ಲಿ ಒತ್ತಿದ ಗುಪ್ತ ಅಂಕಿ ಗ್ಯಾಂಗ್‌ಮನ್ ದುರುಗೇಶನದು. ಆತ ಜೈಲಿನಲ್ಲಿದ್ದ. ನಾಳೆ ಶುಕ್ರವಾರ ಅವನ ಜಾಮೀನು ಅರ್ಜಿ.

ಪೊಲೀಸರ ಲೆಕ್ಕ ಸರಳವಾಗಿತ್ತು. ಗೇಟಿನಿಂದ ಇಪ್ಪತ್ತು ಹೆಜ್ಜೆ ದೂರದ ಹೋಟೆಲಿನಲ್ಲಿ ದುರುಗೇಶ ಚಹಾ ಕುಡಿದು ಫೋನಿನಿಂದ ಹಣ ಕೊಟ್ಟಿದ್ದು 11:12ಕ್ಕೆ. ನೀರು ಬಳಕೆದಾರರ ಸಂಘದ ಸರ್ವರ್ ಪ್ರಕಾರ ಗೇಟು ತೆರೆದದ್ದು 11:14ಕ್ಕೆ. ಮಸ್ಕಿ ಬಸ್ಸಿನಲ್ಲಿ ಆತ ಪಡೆದ ಟಿಕೆಟಿನ ಮೇಲೆ 11:21. ಚಹಾ ಕುಡಿದ, ಗೇಟು ತೆರೆದ, ಬಸ್ಸು ಹತ್ತಿ ಪರಾರಿಯಾದ.

ಮೂರು ಸಮಯಗಳಲ್ಲಿ ಎರಡು ಸರಿ, ಒಂದು ತಪ್ಪು ಎಂದು ದೀಪಾಗೆ ಅನ್ನಿಸಿದ್ದು ನಿನ್ನೆ. ಲಿಂಗಸುಗೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವ ಅವಳಿಗೆ ಯಂತ್ರಗಳ ಸಮಯದ ಮೇಲೆ ಹೆಚ್ಚಿನ ನಂಬಿಕೆಯಿರಲಿಲ್ಲ.

“ನೊಂದವರ ಮೊಮ್ಮಗಳೇ ಆರೋಪಿ ಪರ ಓಡ್ಯಾಡೋದು ನಾ ಇದೇ ಮೊದಲು ನೋಡಾಕತ್ತೀನಿ,” ಎಂದ ಜಾವೀದ್.

“ಆರೋಪಿ ಪರ ಅಲ್ರಿ. ನಮ್ಮಜ್ಜಿನ ನೀರಿಗೆ ತಳ್ಳಿದವರು ಹೊರಗ ಅದಾರ ಅಂತ ಅನಸ್ತೈತಿ. ಒಳಗಿರಾವ ಅಲ್ಲ.”

ಮೇಜಿನ ಆಚೆ ಬದಿಯಲ್ಲಿ ಉಮಾದೇವಿ ನಿಂತಿದ್ದಳು. ನೀರು ಬಳಕೆದಾರರ ಸಂಘದ ಈ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಕಂಪ್ಯೂಟರ್ ನೋಡಿಕೊಳ್ಳುವವಳು ಅವಳೇ. ಊಟದ ಡಬ್ಬಿ ತೊಳೆದು ಬೋರಲು ಹಾಕಿಯಾಗಿತ್ತು.

“ಎರಡೂ ಇಪ್ಪತ್ತಾತು, ನೀವಿನ್ನೂ ಊಟ ಮಾಡಿಲ್ಲ,” ಎಂದಳು. “ಜ್ವಾಳದ ರೊಟ್ಟಿ ಐತಿ, ಹಾಕಲೇನ್ರಿ?”

“ಆಮ್ಯಾಗ ಅಕ್ಕಾರ. ಮೊದಲು ಇದನ್ನ ಹೇಳ್ರಿ. ಕರೆಂಟ್ ಹೋದಾಗ ಈ ಸರ್ವರ್‌ಗ ನೀವೇನು ಮಾಡ್ತೀರಿ?”

ಸರ್ವರ್ ಎಂದರೆ ಬೇರೆ ಪೆಟ್ಟಿಗೆಯೇನಲ್ಲ. ಉಮಾದೇವಿಯ ಮೇಜಿನ ಹಳೆಯ ಕಂಪ್ಯೂಟರಿನ ಹೊಟ್ಟೆಯೊಳಗೇ ಇನ್ನೊಂದು ಲಿನಕ್ಸ್ ಕಂಪ್ಯೂಟರ್ ಇತ್ತು. ತಂತಿ, ತಗಡು ಇಲ್ಲದ, ಬರಿ ಫೈಲುಗಳಿಂದಾದ ಯಂತ್ರ. ಗೇಟುಗಳನ್ನು ಜೋಡಿಸಿಕೊಟ್ಟವರು ಅದನ್ನು ವರ್ಚುವಲ್ ಮಶೀನ್ ಎಂದು ಕರೆದಿದ್ದರು. ಗೇಟಿನ ಪೆಟ್ಟಿಗೆಗಳಿಗೆ ಸ್ವಂತ ಗಡಿಯಾರವಿಲ್ಲ. ಗೇಟಿನಿಂದ ಸುದ್ದಿ ಬಂದ ಕ್ಷಣ ಈ ಒಳಯಂತ್ರ ತನ್ನ ಸಮಯದ ಮುದ್ರೆ ಒತ್ತುತ್ತಿತ್ತು. ಆ ಮುದ್ರೆಯನ್ನೇ ಪೊಲೀಸರು ನಂಬಿದ್ದರು.

“ಮಲಗಿಸ್ತೀನ್ರಿ,” ಎಂದಳು ಉಮಾದೇವಿ.

“ಮಲಗಿಸೋದು ಅಂದ್ರ?” ಜಾವೀದ್ ಕೇಳಿದ.

“ಯುಪಿಎಸ್ ಹತ್ತು ನಿಮಿಷನೂ ತಡಿಯಂಗಿಲ್ರಿ. ಬಂದ್ ಮಾಡಿ ಮತ್ತ ಚಾಲೂ ಮಾಡಿದ್ರ ಗೇಟು ಒಂದೊಂದ ಜೋಡ್ಸಬೇಕು, ಅರ್ಧ ತಾಸು ಹೋಗ್ತೈತಿ. ಅದಕ್ಕ ಇದ್ದದ್ದು ಇದ್ದಂಗ ಮಲಗಿಸಿ ಕಂಪ್ಯೂಟರ್ ಆರಿಸ್ತೀನಿ. ಕರೆಂಟ್ ಬಂದ ಮ್ಯಾಲ ಎಬ್ಬಿಸಿದ್ರ ಬಿಟ್ಟಲ್ಲಿಂದ ನಡಿತೈತಿ.”

“ಬಿಟ್ಟಲ್ಲಿಂದ,” ದೀಪಾ ಆ ಮಾತನ್ನು ಮತ್ತೊಮ್ಮೆ ಹೇಳಿದಳು. “ಅದರ ಗಡಿಯಾರನೂ ಬಿಟ್ಟಲ್ಲಿಂದಾನ ನಡಿತೈತಿ ಅಕ್ಕಾರ. ತಾನು ಮಲಗಿದ್ದೆ ಅಂತ ಅದಕ್ಕ ಗೊತ್ತಾಗಂಗಿಲ್ಲ.”

ಅವಳು ಮಂಗಳವಾರದ ದಾಖಲೆ ತೆರೆದಳು. ಸರ್ವರ್ ನಿಮಿಷಕ್ಕೊಂದು ಸಾಲಿನಂತೆ ನೀರಿನ ಮಟ್ಟ ಬರೆಯುತ್ತದೆ. ಬೆಳಗಿನಿಂದ ಸಂಜೆಯವರೆಗೆ ಒಂದು ಸಾಲೂ ತಪ್ಪಿರಲಿಲ್ಲ. ತಪ್ಪಿಲ್ಲದ ಆ ಸಾಲುಗಳೇ ಅವಳಿಗೆ ಸುಳಿವು ಕೊಟ್ಟಿದ್ದವು.

“ಸಬ್‌ಸ್ಟೇಷನ್ ಪುಸ್ತಕದಾಗ ಮಂಗಳವಾರ ಎಷ್ಟೊತ್ತು ಕರೆಂಟ್ ಇರಲಿಲ್ರಿ ಸಾಹೇಬ್ರ?”

ಜಾವೀದ್ ನಕಲು ಪ್ರತಿ ತೆಗೆದ. “ಹತ್ತೂ ಐದರಿಂದ ಹತ್ತೂ ಮೂವತ್ತೇಳು. ಮೂವತ್ತೆರಡು ನಿಮಿಷ. ಅದು ಬಿಟ್ರ ಈ ವಾರ ಇವತ್ತಿನ ತನಕ ಹೋಗೇ ಇಲ್ಲ.”

“ಮೂವತ್ತೆರಡು ನಿಮಿಷ ಮಲಗಿದ ಯಂತ್ರದ ಪುಸ್ತಕದಾಗ ಮೂವತ್ತೆರಡು ಸಾಲು ಖಾಲಿ ಇರಬೇಕಿತ್ತು. ಒಂದೂ ಖಾಲಿ ಇಲ್ಲ. ಅಂದ್ರ ಎದ್ದ ಮ್ಯಾಲ ಅದು ಹಳೇ ಸಮಯದಾಗ ಬರಿಯಾಕತ್ತಿತ್ತು.”

ಜಾವೀದ್ ಬರೆಯುತ್ತಿದ್ದವನು ಕೈ ನಿಲ್ಲಿಸಿದ. ಆತ ನಿಧಾನದ ಮನುಷ್ಯ. ಲೆಕ್ಕ ಕೂಡದಿದ್ದರೆ ಸಹಿ ಹಾಕುವವನಲ್ಲ. ದೀಪಾಗೆ ಆತನ ಮೇಲೆ ಗೌರವ ಹುಟ್ಟಿದ್ದೇ ಆ ಗುಣಕ್ಕೆ.

“ಜರಾ ನಿಲ್ರಿ ಮೇಡಂ. ಮಲಗಿದ್ದು ಮೂವತ್ತೆರಡು. ಹಿಂದ ಬಿದ್ದದ್ದು ಇಪ್ಪತ್ತೆರಡು. ನಡುವಿನ ಹತ್ತು ಎಲ್ಲಿ ಹೋತು? ನಾಳೆ ಸರ್ಕಾರಿ ವಕೀಲರು ಮೊದಲು ಕೇಳೋದು ಇದನ್ನ. ಈ ಮಶೀನ್ ತನಗ ತಿಳಿದಂಗ ನಡಿತೈತಿ, ಇದರ ಯಾವ ಮಾತೂ ನಂಬಬ್ಯಾಡ್ರಿ ಅಂತಾರ. ಆಗ ದುರುಗೇಶ ಅಲ್ಲೇ ಉಳಿತಾನ.”

ಸರಿಯಾದ ಪ್ರಶ್ನೆ. ದೀಪಾ ಬೆಳಿಗ್ಗೆಯಿಂದ ಅದನ್ನೇ ಕೇಳಿಕೊಳ್ಳುತ್ತಿದ್ದಳು.

ಇಂಟರ್ನೆಟ್ಟಿನಿಂದ ಸಮಯ ತರಿಸಿಕೊಳ್ಳುವ ಸೌಲಭ್ಯ ಒಳಯಂತ್ರದಲ್ಲಿತ್ತು. ಭದ್ರತೆಯ ಹೆಸರಿನಲ್ಲಿ ಅದನ್ನು ಮುಚ್ಚಿಟ್ಟಿದ್ದರು. ಅದನ್ನು ಹೊತ್ತ ಹೊರಗಿನ ಕಂಪ್ಯೂಟರಿನ ಗಡಿಯಾರ ನೋಡಿ ಹೊಂದಿಕೊಳ್ಳಬಹುದಿತ್ತು. ಅದನ್ನೂ ಮುಚ್ಚಿದ್ದರು, ಏಕೆಂದರೆ ಹೊರಗಿನದರ ಗಡಿಯಾರ ನಡೆಸುವ ಬಿಲ್ಲೆ ಶೆಲ್ಲು ಸತ್ತು ಎಷ್ಟೋ ಕಾಲವಾಗಿತ್ತು. ಒಮ್ಮೆ ಆರಿಸಿದರೆ ಅದು ಯಾವುದೋ ಹಳೆಯ ವರ್ಷದ ಜನವರಿ ಒಂದಕ್ಕೆ ಹೋಗಿ ಕೂರುತ್ತಿತ್ತು. ಹಾಗಿದ್ದರೆ ವಾರಗಟ್ಟಲೆ ಕರೆಂಟ್ ಹೋದಷ್ಟೂ ಸಮಯ ಕೂಡುತ್ತ ಈ ಯಂತ್ರ ದಿನಗಟ್ಟಲೆ ಹಿಂದೆ ಬಿದ್ದಿರಬೇಕಿತ್ತು. ಬಿದ್ದಿರಲಿಲ್ಲ. ಯಾರೋ ಕೈಯಿಂದ ತಿದ್ದುತ್ತಿದ್ದರು.

ದೀಪಾ ತನ್ನ ಫೋನು ನೋಡಿದಳು. 2:16. ಊಟದ ಡಬ್ಬಿಯ ಕಡೆ ನೋಡಿದಳು. ಆಮೇಲೆ ತಲೆಯೆತ್ತಿ ಬಾಗಿಲ ಮೇಲಿನ ಗೋಡೆ ಗಡಿಯಾರ ನೋಡಿದಳು.

“ಉಮಾದೇವಿ ಅಕ್ಕಾರ, ಆಗ ಎರಡೂ ಇಪ್ಪತ್ತಾತು ಅಂದ್ರಿ. ನನ್ನ ಫೋನಿನಾಗ ಎರಡೂ ಹತ್ತಾಗಿತ್ತು.”

ಉಮಾದೇವಿ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು.

“ಸರ್ವರ್‌ನ ಸಮಯ ತಿದ್ದೋರು ನೀವಾ?”

“ನಾ ಏನೂ ಕೆಡಿಸಿಲ್ಲವ್ವ.”

“ಕೆಡಿಸೀರಿ ಅಂತ ನಾನೂ ಅನ್ನಾಕತ್ತಿಲ್ಲ.”

“ಗುತ್ತಿಗಿ ನೌಕರಿ ನಂದು. ಪೊಲೀಸ್ರ ಮುಂದ ಹೇಳಿದ್ರ ನಾಳೆ ಬರಬ್ಯಾಡ ಅಂತಾರ.” ದನಿ ಇಳಿದಿತ್ತು. “ಸೋಮವಾರ ಮುಂಜಾನೆ ಬಂದ ಕೂಡಲೆ ತಿದ್ದತೀನಿ. ಪ್ರತಿ ಸೋಮವಾರ. ಜೋಡಿಸಿ ಕೊಟ್ಟ ಹುಡುಗ ಹೋಗುಮುಂದ ಕಲಿಸಿದ್ದ. ಗಡಿಯಾರ ನೋಡಿ ಇದ್ದಷ್ಟು ಹಾಕ್ರಿ ಅಂದಿದ್ದ.”

“ಯಾವ ಗಡಿಯಾರ?”

ಉಮಾದೇವಿ ಬಾಗಿಲ ಮೇಲೆ ಕೈ ತೋರಿಸಿದಳು.

ಜಾವೀದ್ ತನ್ನ ಕೈಗಡಿಯಾರ ನೋಡಿಕೊಂಡ. ಗೋಡೆಯದನ್ನು ನೋಡಿದ. ಇನ್ನೊಮ್ಮೆ ನೋಡಿದ. “ಇದು ಹತ್ತು ನಿಮಿಷ ಮುಂದೈತಲ್ಲ.”

“ನಾ ಬಂದಾಗಿಂದ ಮುಂದಾನ ಐತ್ರಿ,” ಎಂದಳು ಉಮಾದೇವಿ, ಇದೇನು ಹೊಸದೇ ಎನ್ನುವಂತೆ. “ತುರ್ವಿಹಾಳ ಬಸ್ಸು ಐದೂ ಕಾಲಿಗಿ. ಗಡಿಯಾರ ಖರೇ ಇಟ್ರ ಯಾರೂ ಜಲ್ದಿ ಏಳಂಗಿಲ್ಲ, ಬಸ್ಸು ತಪ್ಪತೈತಿ. ಅದಕ್ಕ ಮುಂದ ಇಟ್ಟಾರ. ಹತ್ತು ನಿಮಿಷ ಮುಂದೈತಿ ಅಂತ ದಫ್ತರದಾಗ ಎಲ್ಲರಿಗೂ ಗೊತ್ತೈತಿ.”

“ಸರ್ವರ್‌ಗ ಒಂದಕ್ಕ ಗೊತ್ತಿರಲಿಲ್ಲ ಅಕ್ಕಾರ.”

ಜಾವೀದ್ ನಕ್ಕುಬಿಟ್ಟ. ಉಮಾದೇವಿ ನಗಬೇಕೋ ಅಳಬೇಕೋ ತಿಳಿಯದೆ ಎರಡರ ನಡುವೆ ನಿಂತಳು.

ದೀಪಾ ಹಾಳೆಯ ಮೇಲೆ ಬರೆದು ತೋರಿಸಿದಳು. ಸೋಮವಾರ ಗೋಡೆ ನೋಡಿ ತಿದ್ದಿದ್ದರಿಂದ ಹತ್ತು ನಿಮಿಷ ಮುಂದೆ. ಮಂಗಳವಾರ ಮಲಗಿದ್ದರಿಂದ ಮೂವತ್ತೆರಡು ನಿಮಿಷ ಹಿಂದೆ. ಒಂದರಲ್ಲಿ ಒಂದು ಕಳೆದರೆ ಇಪ್ಪತ್ತೆರಡು ಹಿಂದೆ. ಸರ್ವರ್ 11:14 ಎಂದು ಬರೆದಾಗ ಲೋಕದಲ್ಲಿ 11:36 ಆಗಿತ್ತು. ಆಗ ದುರುಗೇಶ ಮಸ್ಕಿ ಬಸ್ಸಿನಲ್ಲಿ ಕೂತು ಕಾಲು ತಾಸಾಗಿತ್ತು.

“ಇದು ಕೂಡತೈತಿ,” ಎಂದ ಜಾವೀದ್. ಆತನ ಬಾಯಿಂದ ಅದು ದೊಡ್ಡ ಮಾತು. “ಉಮಾದೇವಿಯವರ, ಇದನ್ನ ಹೇಳಿಕಿ ಮಾಡಿ ಸಹಿ ಹಾಕ್ತೀರೇನು? ನಿಮ್ಮ ಸಹಿ ಇಲ್ದ ಈ ಹತ್ತಕ್ಕ ಆಧಾರ ಇಲ್ಲ.”

ಉಮಾದೇವಿ ಪೆನ್ನಿನ ಮುಚ್ಚಳ ತೆಗೆದಳು. ಆಮೇಲೆ ಕೇಳಿದಳು. “ದುರುಗೇಶಗ ಎಷ್ಟು ಮಕ್ಕಳು?”

“ಎರಡು,” ಎಂದಳು ದೀಪಾ.

ಅವಳು ಸಹಿ ಹಾಕಿದಳು. ದೀಪಾ ಅವಳ ಕೈ ಹಿಡಿದುಕೊಂಡು, “ನಿಮ್ಮ ಋಣ ಮರಿಯಂಗಿಲ್ಲ ಅಕ್ಕಾರ,” ಎಂದಳು. ಉಪಚಾರಕ್ಕೆ ಆಡಿದ ಮಾತಾಗಿರಲಿಲ್ಲ. ಹನ್ನೊಂದು ವರ್ಷದ ಕೂಳನ್ನು ಒಂದು ಸಹಿಯ ಕೆಳಗೆ ಇಡುವುದು ಎಲ್ಲರಿಂದಾಗುವ ಕೆಲಸವಲ್ಲ.

ಆಮೇಲೆ ತಿದ್ದುವ ಕೆಲಸ. ದಾಖಲೆಗಳ ಪ್ರತಿ ತೆಗೆದು ಜಾವೀದ್‌ನ ಲಕೋಟೆಗೆ ಸೇರಿಸಿದರು. ಬಸ್ ನಿಲ್ದಾಣದ ಹತ್ತಿರದ ವಾಚ್ ಅಂಗಡಿಯಿಂದ ಕಾನ್‌ಸ್ಟೇಬಲ್ ಒಬ್ಬ ತಂದ ಬಿಲ್ಲೆ ಶೆಲ್ಲನ್ನು ದೀಪಾ ಹೊರಗಿನ ಕಂಪ್ಯೂಟರಿಗೆ ಕೂರಿಸಿದಳು. ಒಳಯಂತ್ರಕ್ಕೆ ಇಂಟರ್ನೆಟ್ ಸಮಯದ ಬಾಗಿಲು ತೆರೆದಳು. ಎಬ್ಬಿಸಿದಾಗಲೆಲ್ಲ ಮೊದಲು ಸಮಯ ಕೇಳಿ ಆಮೇಲೆ ಬರೆಯಬೇಕು ಎಂದು ಅದಕ್ಕೆ ಕಟ್ಟಳೆ ಹಾಕಿದಳು. ಚೂರುಪಾರು ತಪ್ಪಾದರೆ ಯಂತ್ರ ತನ್ನಷ್ಟಕ್ಕೆ ಮೆಲ್ಲಗೆ ಸರಿಹೋಗುತ್ತದೆ. ಇಪ್ಪತ್ತೆರಡು ನಿಮಿಷಕ್ಕೆ ಒಂದೇ ನೆಗೆತ ಬೇಕು. ಆದೇಶ ಕೊಟ್ಟಳು.

2:41 ಇದ್ದದ್ದು 3:03 ಆಯಿತು. ಫೋನಿನಲ್ಲೂ 3:03.

“ಇದನ್ನೂ ತಿದ್ದಲೇನ್ರಿ?” ಉಮಾದೇವಿ ಗೋಡೆಯ ಕಡೆ ನೋಡಿ ಕೇಳಿದಳು. ಸ್ಟೂಲು ಎಳೆದುಕೊಂಡು ಹತ್ತಿ, ತಾನೇ ಮುಳ್ಳು ಹಿಂದಕ್ಕೆ ತಿರುಗಿಸಿದಳು. “ಇವತ್ತು ನನಗ ಬಸ್ಸು ತಪ್ಪಿದ್ರ ಸಾಹೇಬ್ರ ಜೀಪಿನಾಗ ಬಿಡಬೇಕು ಮತ್ತ.”

ನಾಲ್ಕಕ್ಕೆ ಅದೇ ಕೋಣೆಯಲ್ಲಿ ಸನ್ಮಾನವಿತ್ತು. ಗದ್ದೆಮ್ಮನನ್ನು ಕಾಲುವೆಯಿಂದ ಎಳೆದು ಉಳಿಸಿದ ಮುದುಕಪ್ಪನಿಗೆ ಸಂಘದವರು ಹಾರ, ಪತ್ರ ಕೊಡುವವರಿದ್ದರು. ಶಾಲು ದೀಪಾಳದು. ಲಿಂಗಸುಗೂರಿನಿಂದ ಬರುವಾಗ ಮಸ್ಕಿಯಲ್ಲಿ ಇಳಿದು, ಮೂರು ಅಂಗಡಿ ತಿರುಗಿ ಆರಿಸಿದ್ದಳು.

ಮೂರೂವರೆಗೆ ಆಟೋದಲ್ಲಿ ಗದ್ದೆಮ್ಮ ಬಂದಳು. ಅವಳ ತೋಳು ಹಿಡಿದು ಇಳಿಸಿದವಳು ದುರುಗೇಶನ ಹೆಂಡತಿ ಶೇಖಮ್ಮ.

“ಜೈಭೀಮ್ ಅಜ್ಜಿ. ಸೊಂಟ ಹೆಂಗೈತಿ?” ದೀಪಾ ಕೇಳಿದಳು.

“ಸೊಂಟ ಐತಿ ಬೇ. ಕೌದಿ ಹೋತು. ನಿಮ್ಮವ್ವನ ಲಗ್ನದ ಕೌದಿ ಅದು, ಎಲ್ಲಿ ಹೋಗಿ ಮುಟ್ಟೇತೋ ಏನೋ.”

“ಜೀವ ಉಳಿತಲ್ಲ.”

“ಉಳಿಸಿದ ಪುಣ್ಯಾತ್ಮ. ನೀರು ಬಂತು, ಮುಳುಗಿದೆ, ಕಣ್ಣು ಮುಚ್ಚಿ ತೆಗಿಯೋದ್ರಾಗ ರಟ್ಟಿ ಹಿಡಿದು ಎಳಕೊಂಡ. ನಾ ಒಂದು ಗುಟುಕು ನೀರು ಕುಡದೀನೋ ಇಲ್ಲೋ, ಆಂಬುಲೆನ್ಸ್ ಬಂದು ನಿಂತಿತ್ತು. ನನ್ನ ಸಲುವಾಗಿ ಕಾದಂಗ.”

ದೀಪಾ ಅಜ್ಜಿಯ ಸೆರಗು ಸರಿಮಾಡಿದಳು. ಮುದುಕಪ್ಪ ಊರವರಿಗೆಲ್ಲ ಹೇಳಿದ್ದು ಬೇರೆ: ಇಪ್ಪತ್ತು ನಿಮಿಷ ಬೇವಿನ ಕೊಂಬೆ ಹಿಡಿದು, ಇನ್ನೊಂದು ಕೈಯಲ್ಲಿ ಮುದುಕಿಯನ್ನು ಹಿಡಿದಿದ್ದೆ ಎಂದು. ಇರಲಿ. ಜೀವ ಉಳಿಸಿದವನು ಒಂದಿಷ್ಟು ಹಿಗ್ಗಿಸಿ ಹೇಳಿದರೆ ತಪ್ಪೇನು ಎಂದುಕೊಂಡಳು.

ವಿಷಯ ತಿಳಿದ ಶೇಖಮ್ಮ ದೀಪಾಳ ಕಾಲಿಗೆ ಬಗ್ಗಿದಳು. ದೀಪಾ ಅರ್ಧದಲ್ಲೇ ಹಿಡಿದೆತ್ತಿದಳು.

“ಬ್ಯಾಡಕ್ಕ. ನಮಸ್ಕಾರ ಅವರಿಗೆ ಹೇಳು, ಉಮಾದೇವಿ ಅಕ್ಕಾರಿಗೆ.”

“ನಿಮ್ಮಜ್ಜಿ ಹೊಳಿಪಾಲಾಗಿದ್ರ ನೀವು ನಮ್ಮ ಮಾರಿ ನೋಡ್ತಿದ್ದಿಲ್ಲ,” ಎಂದಳು ಶೇಖಮ್ಮ. “ಅಂಥಾದ್ರಾಗ ನೀವಾ ಬಂದು ಬಿಡಿಸಿದ್ರಿ. ನಾ ಏನಂತ ಹೇಳಲಿ.”

ಸರಿಯಾಗಿ ನಾಲ್ಕಕ್ಕೆ, ಖರೇ ನಾಲ್ಕಕ್ಕೆ, ಸಂಘದ ಆರೆಂಟು ಸದಸ್ಯರು ಬಂದು ಕೂತರು. ಮುದುಕಪ್ಪ ಒಗೆದ ಧೋತರ ಉಟ್ಟು, ಕುರ್ಚಿಯ ತುದಿಯಲ್ಲಿ ಕುಳಿತಿದ್ದ. ಐವತ್ತೈದರ, ಮಾತು ಕಡಿಮೆಯ ಮನುಷ್ಯ. ಕ್ಯಾಂಪಿನ ಆಚೆ ಕಾಲುವೆ ಮುಗಿಯುವಲ್ಲಿ ಅವನ ಎರಡೆಕರೆ. ಜಾವೀದ್ ಬಾಗಿಲ ಹತ್ತಿರ ನಿಂತೇ ಪಂಚನಾಮೆಯ ಹಾಳೆಗಳನ್ನು ಜೋಡಿಸುತ್ತಿದ್ದ.

ದೀಪಾ ಶಾಲು ಬಿಡಿಸಿಕೊಂಡು ಮುದುಕಪ್ಪನ ಮುಂದೆ ನಿಂತಳು. “ಕಾಕಾ,” ಎಂದಳು. “ನಮ್ಮ ಮನಿಯಾಗ ನಿಮ್ಮನ್ನ ನೆನಸದ ದಿನ ಇನ್ನ ಬರಂಗಿಲ್ಲ.”

ಮುದುಕಪ್ಪ ತಲೆ ತಗ್ಗಿಸಿದ.

ಉಮಾದೇವಿ ಕಟ್ಟು ಹಾಕಿಸಿದ ಸನ್ಮಾನ ಪತ್ರ ಎತ್ತಿಕೊಂಡು ಓದತೊಡಗಿದಳು. ಪತ್ರ ಬರೆದವಳೂ ಅವಳೇ. ಅಂಕಿಅಂಶ ಬಿಡುವವಳಲ್ಲ, ಮುದುಕಪ್ಪನ ಫೋನನ್ನೇ ಇಸಿದುಕೊಂಡು ನೋಡಿ ಬರೆದಿದ್ದಳು.

“ಶ್ರೀ ಮುದುಕಪ್ಪನವರು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತೊಂಬತ್ತು ನಿಮಿಷಕ್ಕೆ, ಕಾಲುವೆಯ ನೀರಿನಲ್ಲಿ ವೃದ್ಧೆಯೊಬ್ಬರು ಕೊಚ್ಚಿಹೋಗುತ್ತಿರುವುದಾಗಿ ಆಂಬುಲೆನ್ಸ್‌ಗೆ ಕರೆ ಮಾಡಿ, ತಮ್ಮ ಪ್ರಾಣದ ಹಂಗು ತೊರೆದು...”

ದೀಪಾಳ ಕೈಗಳು ಶಾಲಿನೊಂದಿಗೆ ಗಾಳಿಯಲ್ಲಿ ನಿಂತವು.

ಹನ್ನೊಂದೂ ಇಪ್ಪತ್ತೊಂಬತ್ತು. ಫೋನಿನ ಸಮಯ. ಅದು ಯಾರ ಗೋಡೆಯನ್ನೂ ನೋಡಿ ತಿದ್ದಿದ್ದಲ್ಲ.

ಮಧ್ಯಾಹ್ನದವರೆಗೆ ಆ ಅಂಕಿಯಲ್ಲಿ ಯಾವ ದೋಷವೂ ಇರಲಿಲ್ಲ. ಗೇಟು 11:14ಕ್ಕೆ ತೆರೆಯಿತು, ಹದಿನೈದು ನಿಮಿಷಕ್ಕೆ ಕರೆ ಹೋಯಿತು. ಆದರೆ ಗೇಟು ತೆರೆದದ್ದು 11:36ಕ್ಕೆ ಎಂದು ಅವಳೇ ಈಗಷ್ಟೇ ಸಾಧಿಸಿದ್ದಳು. ಗೇಟಿನಿಂದ ಮೆಟ್ಟಿಲಿಗೆ ನೀರು ಬರಲು ಹನ್ನೆರಡು ನಿಮಿಷ ಬೇಕು, ಇದು ಕ್ಯಾಂಪಿನವರಿಗೆಲ್ಲ ಗೊತ್ತು. ಅಜ್ಜಿಯ ಕಾಲಿಗೆ ನೀರು ತಾಕಿದ್ದು 11:48ಕ್ಕೆ.

ಮುದುಕಪ್ಪ ಕರೆ ಮಾಡಿದಾಗ ಗೇಟು ಮುಚ್ಚಿತ್ತು. ಗದ್ದೆಮ್ಮ ಒಣ ಮೆಟ್ಟಿಲ ಮೇಲೆ ಕೂತು, ಕಾಲುವೆಯ ತಳದಲ್ಲಿ ಹರಿಯುತ್ತಿದ್ದ ಮೊಣಕಾಲುದ್ದ ನೀರಿನಲ್ಲಿ ಕೌದಿ ಅದ್ದುತ್ತಿದ್ದಳು. ಇನ್ನೂ ಹತ್ತೊಂಬತ್ತು ನಿಮಿಷವಿತ್ತು. ಇಳಿದು ಹೋಗಿ, ಎದ್ದು ಬಾರವ್ವ ಎಂದು ಹೇಳಲು ಎರಡು ನಿಮಿಷ ಸಾಕಿತ್ತು.

ಬಾಗಿಲ ಬಳಿ ಹಾಳೆಯ ಸದ್ದು ನಿಂತಿತು. ಜಾವೀದ್ ತಾನು ಬರೆದ ಅಂಕಿಯನ್ನು ನೋಡುತ್ತಿದ್ದ. ಆಮೇಲೆ ಮುದುಕಪ್ಪನನ್ನು ನೋಡಿದ. ಹೊರಗೆ ಹೋಗುವ ದಾರಿಗೆ ಒಂದು ಹೆಜ್ಜೆ ಅಡ್ಡ ಸರಿದ.

ಉಮಾದೇವಿ ಓದಿ ಮುಗಿಸಿ ಪತ್ರವನ್ನು ಮೇಜಿನ ಮೇಲಿಟ್ಟಳು. ಚಪ್ಪಾಳೆ ಶುರುವಾಯಿತು.

ಮುದುಕಪ್ಪ ಎದ್ದು ನಿಂತ. ಶಾಲು ಹೊದಿಸಿಕೊಳ್ಳುವವನಂತೆ ದೀಪಾಳ ಕಡೆಗೆ ಬಗ್ಗಿ, ಬಾಗಿಲ ಮೇಲಿನ ಗಡಿಯಾರವನ್ನೊಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಕೇಳಿದ.

“ಮಶೀನಿನ ಗಡಿಯಾರನೂ ತಿದ್ದಿದಿ ಏನವ್ವ?”

“ಹೂಂ.”

“ಹಂಗಾರ ನಿನಗ ಗೊತ್ತಾಗೈತಿ.”

ಈ ಮನುಷ್ಯ ಇಲ್ಲದಿದ್ದರೆ ಅಜ್ಜಿ ಇಲ್ಲ. ಅದು ಯಾವ ಗಡಿಯಾರದಿಂದಲೂ ಬದಲಾಗುವ ಸತ್ಯವಾಗಿರಲಿಲ್ಲ. ದೀಪಾ ಶಾಲನ್ನು ಅವನ ಹೆಗಲ ಮೇಲೆ ಇಳಿಸಿದಳು. ತುದಿಗಳನ್ನು ಬಿಡದೆ ಹಿಡಿದುಕೊಂಡೇ ಕೇಳಿದಳು.

“ಗೇಟು ನೀವು ತಗಸಿದ್ರೇನು ಕಾಕಾ?”

“ಇಲ್ಲವ್ವ. ತಗಿತಾರಂತ ಗೊತ್ತಿತ್ತು. ಮೆಟ್ಟಿಲ ಮ್ಯಾಲ ಕುಂತಾಕಿನ ಎಬ್ಬಿಸಬ್ಯಾಡ ಅಂತ ನನಗ ಹೇಳಿದ್ರು. ಎಬ್ಬಿಸಲಿಲ್ಲ. ಆದ್ರ ಸಾಯಾಕ ಬಿಡಾಕ ಮನಸಾಗಲಿಲ್ಲ.”

“ಯಾರು ಹೇಳಿದ್ರು?”

ಮುದುಕಪ್ಪ ತಲೆಯೆತ್ತಲಿಲ್ಲ.

“ಹೇಳಿದಾಕಿ ಇಲ್ಲೇ ಚಪ್ಪಾಳಿ ಹೊಡಿಯಾಕತ್ತಾಳ.”

ದೀಪಾ ನಿಧಾನವಾಗಿ ತಿರುಗಿದಳು. ಕೋಣೆಯಲ್ಲಿ ಅವಳನ್ನು ಬಿಟ್ಟರೆ ಹೆಂಗಸರು ಮೂವರೇ ಇದ್ದರು. ಮೇಜಿನ ಪಕ್ಕ, ಎರಡೂ ಕೈಯಲ್ಲಿ ಹಾರ ಹಿಡಿದು, ಉಮಾದೇವಿ. ಕಿಟಕಿಗೆ ಒರಗಿ, ಕಣ್ಣೊರೆಸಿಕೊಳ್ಳುತ್ತ ಶೇಖಮ್ಮ. ಮುಂದಿನ ಕುರ್ಚಿಯಲ್ಲಿ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತ, ಗದ್ದೆಮ್ಮ.